ಗಡಿರೇಖೆಯ ಮೇಲಿನ ಸಂತೆ: ಭಾರತ–ಬಾಂಗ್ಲಾದೇಶ ಹಾಟ್‌ಗಳ ಹಿನ್ನೆಲೆ, ಕಟ್ಟಳೆ ಮತ್ತು ಮಿತಿ

ಭಾರತ ಮತ್ತು ಬಾಂಗ್ಲಾದೇಶಗಳ ನಡುವಿನ ಗಡಿ 4,096 ಕಿಲೋಮೀಟರ್ ಉದ್ದದ್ದು. ಈ ಎರಡು ದೇಶಗಳ ವ್ಯಾಪಾರವನ್ನು ಚರ್ಚಿಸುವ ಬರಹಗಳಲ್ಲಿ ಹೆಚ್ಚಿನವು ಆ ಉದ್ದದ ಒಂದೇ ಬಿಂದುವಿನಲ್ಲಿ, ಪಶ್ಚಿಮ ಬಂಗಾಳದ ಪೆಟ್ರಾಪೋಲ್‌ನಲ್ಲಿ, ನಿಂತುಬಿಡುತ್ತವೆ. ಲಾರಿಗಳ ಸಾಲು, ಸುಂಕದ ದರ, ವ್ಯಾಪಾರ ಕೊರತೆ ಇವೇ ಅಲ್ಲಿನ ಮಾತು. ಗಡಿಯ ಪಕ್ಕದಲ್ಲೇ ಬದುಕುವ ರೈತ, ಮೀನುಗಾರ, ಎಲೆ ಅಡಕೆ ಮಾರುವ ಹೆಂಗಸು ಆ ಲೆಕ್ಕದಲ್ಲಿ ಕಾಣಿಸುವುದಿಲ್ಲ. ಇವರಿಗಾಗಿಯೇ 2011ರಿಂದ ಮೇಘಾಲಯ ಮತ್ತು ತ್ರಿಪುರಾ ಗಡಿಯಲ್ಲಿ ತೆರೆದ ಹಾಟ್‌ಗಳು, ಅಂದರೆ ವಾರದ ಸಂತೆಗಳು, ಈ ಲೇಖನದ ವಸ್ತು. ಹಿಂದಿನ ಒಂದು ಪ್ರಯೋಗ ಸೋತ ಜಾಗದಲ್ಲೇ ಇವು ನಿಂತವು. ವ್ಯಾಪಾರವನ್ನು ಗೊತ್ತಾದ ಸ್ಥಳಕ್ಕೆ, ಗೊತ್ತಾದ ದಿನಕ್ಕೆ, ಪರಿಚಿತ ಜನರಿಗೆ ಕಟ್ಟಿಹಾಕಿದ್ದು ಅದಕ್ಕೆ ಕಾರಣ ಎಂಬುದು ನನ್ನ ವಾದ. ಆದರೆ ಅದೇ ಕಟ್ಟಳೆಗಳಲ್ಲಿ ಕೆಲವು ನೆಲದ ಸ್ವರೂಪವನ್ನು ನೋಡದೆ ಬರೆದವು. ಇಂದು ಸಂತೆಯ ಬೆಳವಣಿಗೆಗೆ ಅಡ್ಡ ಬಂದಿರುವುದು ಅವೇ.

ಗಾರೋ ಮತ್ತು ಖಾಸಿ ಬೆಟ್ಟಗಳ ದಕ್ಷಿಣದ ಇಳಿಜಾರು ಮುಗಿಯುವಲ್ಲಿಯೇ ಬಂಗಾಳದ ಬಯಲು ಶುರುವಾಗುತ್ತದೆ. ಮೇಲೆ ಹತ್ತಿ, ಕಿತ್ತಳೆ, ಅಡಕೆ, ವೀಳ್ಯದೆಲೆ, ಸುಣ್ಣದ ಕಲ್ಲು. ಕೆಳಗೆ ಅಕ್ಕಿ, ಉಪ್ಪು, ಒಣಮೀನು, ಬಟ್ಟೆ. ಬೆಟ್ಟದ ಬುಡದ ಹಾಟ್‌ಗಳಲ್ಲಿ ಗಾರೋಗಳು ಹತ್ತಿ ಕೊಟ್ಟು ಉಪ್ಪು ಒಯ್ಯುತ್ತಿದ್ದರು. ಈ ಹಾಟ್‌ಗಳು ಶೇರ್ಪುರ, ಸುಸಂಗ, ಕರೈಬಾರಿ ಮೊದಲಾದ ಜಮೀನ್ದಾರರ ಹಿಡಿತದಲ್ಲಿದ್ದವು. ಅವರು ವಸೂಲು ಮಾಡುತ್ತಿದ್ದ ಸುಂಕ, ಬೆಟ್ಟದವರಿಗೂ ಬಯಲಿನವರಿಗೂ ನಡುವೆ ನಡೆದ ಘರ್ಷಣೆಗಳ ಮುಖ್ಯ ಕಾರಣಗಳಲ್ಲಿ ಒಂದಾಗಿತ್ತು. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಡೇವಿಡ್ ಸ್ಕಾಟ್‌ನ ಮುತುವರ್ಜಿಯಿಂದ ಬಂದ 1822ರ ಹತ್ತನೆಯ ರೆಗ್ಯುಲೇಷನ್ ಗಾರೋ ಪ್ರದೇಶವನ್ನು ಸಾಮಾನ್ಯ ಆಡಳಿತದಿಂದ ಬೇರೆ ಮಾಡಿತು. ಹಾಟ್‌ಗಳ ಮೇಲೆ ಹತೋಟಿ ಯಾರದು ಎಂಬ ಪ್ರಶ್ನೆ ಅದರ ಹಿಂದೆಯೂ ಇತ್ತು. ಪೂರ್ವಕ್ಕೆ ಸಿಲ್ಹೆಟ್‌ನಲ್ಲಿ 18ನೇ ಶತಮಾನದ ಕೊನೆಯ ಹೊತ್ತಿಗೆ ಕಂಪನಿಯ ಅಧಿಕಾರಿ ರಾಬರ್ಟ್ ಲಿಂಡ್ಸೆ ಖಾಸಿ ಬೆಟ್ಟದ ಸುಣ್ಣದ ಕಲ್ಲನ್ನು ಬಂಗಾಳಕ್ಕೆ ಸಾಗಿಸಿ ಸಂಪತ್ತು ಗಳಿಸಿದ. ಈ ಕೊಡು–ಕೊಳ್ಳುವಿಕೆ ಯಾವ ಒಪ್ಪಂದದಿಂದಲೂ ಹುಟ್ಟಿದ್ದಲ್ಲ. ಒಂದೇ ದಿನದ ನಡಿಗೆಯಲ್ಲಿ ಎರಡು ಬಗೆಯ ಭೂಮಿ, ಎರಡು ಬಗೆಯ ಬೆಳೆ ಎದುರಾಗುವುದರಿಂದ ಬಂದದ್ದು.

1947ರಲ್ಲಿ ಗಡಿರೇಖೆ ಬಿದ್ದದ್ದು ಈ ಬುಡದಲ್ಲಿಯೇ. ಬೆಳೆ ಬೆಟ್ಟದಲ್ಲಿ ಉಳಿಯಿತು, ಅದರ ಮಾರುಕಟ್ಟೆ ಪೂರ್ವ ಪಾಕಿಸ್ತಾನಕ್ಕೆ ಹೋಯಿತು. 1965ರ ಯುದ್ಧ ರೈಲು ಮತ್ತು ನದಿ ಮಾರ್ಗಗಳನ್ನೂ ಮುಚ್ಚಿಸಿತು. ಬಾಂಗ್ಲಾದೇಶ ಸ್ವತಂತ್ರವಾದ ಬಳಿಕ, 1972ರ ಮಾರ್ಚ್‌ನಲ್ಲಿ ಆದ ವ್ಯಾಪಾರ ಒಪ್ಪಂದ ಗಡಿಯ ಎರಡೂ ಬದಿಗೆ 16 ಕಿಲೋಮೀಟರ್ ಅಗಲದ ಪಟ್ಟಿಯಲ್ಲಿ ಸ್ಥಳೀಯರಿಗೆ ವ್ಯಾಪಾರದ ಅವಕಾಶ ಕೊಟ್ಟಿತು. ಆಶಯ ಉದಾರವಾಗಿತ್ತು. ಆದರೆ ಆ ಪಟ್ಟಿಯೊಳಗೆ ಯಾರು ಎಲ್ಲಿಂದ ಏನನ್ನು ತರುತ್ತಾರೆ ಎಂದು ನೋಡುವ ವ್ಯವಸ್ಥೆ ಇರಲಿಲ್ಲ. ಸ್ಥಳೀಯ ವ್ಯಾಪಾರದ ಮರೆಯಲ್ಲಿ ಕಳ್ಳಸಾಗಣೆ ಹಬ್ಬಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಗಡಿ ವ್ಯಾಪಾರದ ಆ ಏರ್ಪಾಟನ್ನು ಎರಡೂ ಸರ್ಕಾರಗಳು ಕೈಬಿಟ್ಟವು. ದಕ್ಷಿಣ ಏಷ್ಯಾದ ಆರ್ಥಿಕ ಚರಿತ್ರೆಯಲ್ಲಿ ಈ ಕೆಲವೇ ತಿಂಗಳ ಪ್ರಯೋಗಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ. ಮುಂದಿನ ನಾಲ್ಕು ದಶಕಗಳ ಕಾಲ ಗಡಿ ವ್ಯಾಪಾರ ಎಂದರೆ ಕಳ್ಳಸಾಗಣೆ ಎಂಬ ಸಂಶಯ ಎರಡೂ ರಾಜಧಾನಿಗಳಲ್ಲಿ ಬೇರೂರಿದ್ದು ಇಲ್ಲಿಂದ.

ಆ ಸಂಶಯಕ್ಕೆ ಉತ್ತರವಾಗಿಯೇ 2010ರ ಅಕ್ಟೋಬರ್‌ನಲ್ಲಿ ಎರಡೂ ಸರ್ಕಾರಗಳು ಮಾಡಿಕೊಂಡ ತಿಳಿವಳಿಕೆ ಪತ್ರವನ್ನು ಓದಬೇಕು. ಅದರ ಪ್ರಕಾರ ಹಾಟ್ ನಡೆಯುವುದು ಸರಿಯಾಗಿ ಶೂನ್ಯರೇಖೆಯ, ಅಂದರೆ ಗಡಿರೇಖೆಯ, ಮೇಲೆ, 75 ಮೀಟರ್ ಉದ್ದ, 75 ಮೀಟರ್ ಅಗಲದ ಬೇಲಿ ಹಾಕಿದ ಅಂಗಳದಲ್ಲಿ. ಅರ್ಧ ಆಚೆಯ ನೆಲ, ಅರ್ಧ ಈಚೆಯದು. ಎರಡು ಬದಿಗೂ ಬಾಗಿಲು. ಗಡಿಯಿಂದ 150 ಗಜದೊಳಗೆ ರಕ್ಷಣಾ ಕಟ್ಟಡ ಕಟ್ಟಬಾರದೆಂಬ 1975ರ ನಿಯಮದಿಂದಾಗಿ ಭಾರತದ ತಂತಿಬೇಲಿ ಸಾಮಾನ್ಯವಾಗಿ ರೇಖೆಯಿಂದ ಹಿಂದಕ್ಕೆ ಸರಿದಿದೆ. ಹಾಗಾಗಿ ಹಾಟ್ ಬೀಳುವುದು ಆ ಬೇಲಿಯ ಹೊರಗಿನ ಪಟ್ಟಿಯಲ್ಲಿ. ಐದು ಕಿಲೋಮೀಟರ್ ವ್ಯಾಪ್ತಿಯ ನಿವಾಸಿಗಳಿಗೆ ಮಾತ್ರ ಪ್ರವೇಶ. ಸುಂಕವಿಲ್ಲ, ರೂಪಾಯಿ, ಟಾಕಾ ಎರಡೂ ನಡೆಯುತ್ತವೆ, ವಸ್ತು ವಿನಿಮಯಕ್ಕೂ ಅವಕಾಶವಿದೆ. ಒಬ್ಬರು ದಿನಕ್ಕೆ ಕೊಳ್ಳಬಹುದಾದ ಸರಕಿನ ಬೆಲೆ ಮೊದಲು 50 ಡಾಲರ್‌ಗೆ ಸೀಮಿತವಾಗಿತ್ತು. ಮುಂದೆ ಅದು 100ಕ್ಕೆ, ಆಮೇಲೆ 200ಕ್ಕೆ ಏರಿತು. ದಿನನಿತ್ಯದ ಆಡಳಿತ ಎರಡೂ ಕಡೆಯ ಅಪರ ಜಿಲ್ಲಾ ದಂಡಾಧಿಕಾರಿಗಳ ನೇತೃತ್ವದ ಹಾಟ್ ನಿರ್ವಹಣಾ ಸಮಿತಿಯದು. 1972ರ ಪಟ್ಟಿಯ ಜಾಗದಲ್ಲಿ ಒಂದು ಅಂಗಳ ಬಂದಿತ್ತು. ಕಾವಲಿಗೆ ಸುಲಭ, ಲೆಕ್ಕಕ್ಕೆ ಸುಲಭ. ಈ ಇಕ್ಕಟ್ಟೇ ಅದನ್ನು ಉಳಿಸಿತು.

ಮೊದಲ ಹಾಟ್ 2011ರ ಜುಲೈನಲ್ಲಿ ಮೇಘಾಲಯದ ಕಲೈಚರ್ ಮತ್ತು ಬಾಂಗ್ಲಾದೇಶದ ಬಾಲಿಯಾಮಾರಿ ನಡುವೆ ತೆರೆಯಿತು. ಬಾಲಿಯಾಮಾರಿ ಇರುವುದು ಕುರಿಗ್ರಾಮ ಜಿಲ್ಲೆಯ ರಾಜೀಬ್‌ಪುರದಲ್ಲಿ. ಇದು ಬ್ರಹ್ಮಪುತ್ರದ ಪೂರ್ವ ದಂಡೆಯ ಮರಳು ಮೆಕ್ಕಲಿನ ನೆಲ. ಇಲ್ಲಿನವರು ತಮ್ಮದೇ ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾದರೆ ಆ ಮಹಾನದಿಯನ್ನು ದಾಟಬೇಕು. ಅವರ ಪಾಲಿಗೆ ಗಾರೋ ಬೆಟ್ಟ ಸ್ವದೇಶದ ಪೇಟೆಗಿಂತ ಹತ್ತಿರ. 2012ರ ಮೇ ತಿಂಗಳಲ್ಲಿ ತೆರೆದ ಬಾಲಾಟ್ ಹಾಟ್‌ನದೂ ಇಂಥದ್ದೇ ಕಥೆ. ಅದರ ಆಚೆಗಿರುವ ಸುನಾಮ್‌ಗಂಜ್ ವರ್ಷದ ಹಲವು ತಿಂಗಳು ನೀರಿನಡಿ ಇರುವ ಹಾವರ್ ಜೌಗುಗಳ ಜಿಲ್ಲೆ. ಮೀನು ಧಾರಾಳ, ಹಣ್ಣು ಸಾಂಬಾರ ಕಡಿಮೆ. ಈಚೆಗೆ ಖಾಸಿ ಬೆಟ್ಟದ ಕಿತ್ತಳೆ, ಶುಂಠಿ, ಪಲಾವ್ ಎಲೆ. ಅದೇ ಸುನಾಮ್‌ಗಂಜ್ ಜಿಲ್ಲೆಯ ಛಾತಕ್‌ನ ಸಿಮೆಂಟ್ ಕಾರ್ಖಾನೆಗೆ ಮೇಘಾಲಯದ ಸುಣ್ಣದ ಕಲ್ಲನ್ನು ಹೊತ್ತೊಯ್ಯುವ 17 ಕಿಲೋಮೀಟರ್ ಉದ್ದದ ಕನ್ವೇಯರ್ ಬೆಲ್ಟ್ 2006ರಲ್ಲಿಯೇ ಗಡಿ ದಾಟಿ ಓಡತೊಡಗಿತ್ತು. ದೊಡ್ಡ ಬಂಡವಾಳದ ಕಲ್ಲಿಗೆ ಸಿಕ್ಕ ದಾರಿ ಪಕ್ಕದೂರಿನವಳ ಕಿತ್ತಳೆ ಬುಟ್ಟಿಗೆ ಸಿಗಲು ಇನ್ನೂ ಆರು ವರ್ಷ ಬೇಕಾಯಿತು. ಪ್ರಾದೇಶಿಕ ಸಹಕಾರದ ಆದ್ಯತೆ ಯಾವ ಕಡೆಗೆ ವಾಲಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ನನಗೆ ಕಂಡಿಲ್ಲ.

ತ್ರಿಪುರಾದಲ್ಲಿ 2015ರಲ್ಲಿ ತೆರೆದ ಎರಡು ಹಾಟ್‌ಗಳ ಸ್ವಭಾವ ಬೇರೆ. ಶ್ರೀನಗರ ಹಾಟ್‌ನ ಎದುರಿಗೆ ಫೇನಿ ಜಿಲ್ಲೆಯ ಛಾಗಲ್‌ನಾಯಿಯಾ. ಕಮಲಾಸಾಗರದ ಎದುರಿಗೆ ಬ್ರಾಹ್ಮಣ್‌ಬಾರಿಯಾ ಜಿಲ್ಲೆಯ ಕಸ್ಬಾ. ಇಲ್ಲಿ ಬೆಟ್ಟ–ಬಯಲಿನ ವಿನಿಮಯ ಹಿಂದೆ ಸರಿದು, ಕಾರ್ಖಾನೆಯ ಸರಕು ಮುಂದೆ ಬಂದಿದೆ. ಈಚೆಯಿಂದ ಸೌಂದರ್ಯ ಸಾಧನ, ಸಾಬೂನು, ಮಸಾಲೆ, ಮಕ್ಕಳ ಆಹಾರ. ಆಚೆಯಿಂದ ಪ್ಲಾಸ್ಟಿಕ್ ಸಾಮಾನು, ಬಿಸ್ಕತ್ತು, ಬಟ್ಟೆ, ಒಣಮೀನು. ಮೂರು ಕಡೆ ಬಾಂಗ್ಲಾದೇಶ ಸುತ್ತುವರಿದ ತ್ರಿಪುರಾದಿಂದ ಭಾರತದ ನೆಲದ ಮೇಲೆಯೇ ಕೊಲ್ಕತ್ತ ಮುಟ್ಟಲು ಸುಮಾರು 1,600 ಕಿಲೋಮೀಟರ್ ಸುತ್ತಬೇಕು ಎಂಬುದನ್ನು ನೆನೆದರೆ ಇದು ಅಚ್ಚರಿಯಲ್ಲ. ಆದರೆ ಸ್ಥಳೀಯ ಉತ್ಪನ್ನಗಳ ಸಂತೆ ಎಂಬ ಮೂಲ ಕಲ್ಪನೆಗೂ ಇದಕ್ಕೂ ಅಂತರವಿದೆ. ಕಾರ್ಖಾನೆಯ ಸರಕು ಮಾರುವವನಿಗೆ ಊರಾಚೆಯ ಸಗಟು ವ್ಯಾಪಾರಿಯ ಬೆಂಬಲ ಬೇಕು, ಆಗ ಕಟ್ಟೆಯ ಮೇಲೆ ಕೂರುವವನು ನೆಪಕ್ಕಷ್ಟೇ ಉಳಿಯುವ ಅಪಾಯವಿದೆ. ಮೇಘಾಲಯ ಮತ್ತು ತ್ರಿಪುರಾಗಳಿಗೆ ಒಂದೇ ನಿಯಮ ಬರೆದದ್ದು ಈ ವ್ಯತ್ಯಾಸವನ್ನು ಮರೆಸಿತು.

ಹಾಟ್‌ನಲ್ಲಿ ಮಾರಬಹುದಾದ ಸರಕಿನ ಪಟ್ಟಿಯ ವಿಷಯ ಬಂದಾಗ ಬೇರೆ ಎರಡು ಗಡಿಗಳನ್ನು ಗಮನಿಸಬೇಕು. ಸಿಕ್ಕಿಂನ ನಾಥು ಲಾ ಕಣಿವೆಯನ್ನು 44 ವರ್ಷಗಳ ನಂತರ 2006ರಲ್ಲಿ ವ್ಯಾಪಾರಕ್ಕೆ ತೆರೆದಾಗ ಕೊಟ್ಟ ಪಟ್ಟಿ ಹಳೆಯ ಟಿಬೆಟ್ ವ್ಯಾಪಾರದ ನೆನಪಿನಲ್ಲಿ ತಯಾರಾದದ್ದು. ಯಾಕ್ ಬಾಲ, ಉಣ್ಣೆ, ಚರ್ಮಗಳಂಥ ಸರಕಿಗೆ ಕೊಳ್ಳುವವರು ಉಳಿದಿರಲಿಲ್ಲ. ಮಣಿಪುರದ ಮೋರೆಯಲ್ಲಿ ಮ್ಯಾನ್ಮಾರ್‌ನೊಂದಿಗಿನ 1994ರ ಒಪ್ಪಂದದಂತೆ ನಡೆದ ವಿನಿಮಯ ವ್ಯಾಪಾರದ ಪಟ್ಟಿ 22 ವಸ್ತುಗಳಿಂದ 62ಕ್ಕೆ ಬೆಳೆದರೂ ನಿಜವಾದ ವಹಿವಾಟು ಪಟ್ಟಿಯ ಹೊರಗೇ ನಡೆಯಿತು. ಹಾಟ್‌ನ ಪಟ್ಟಿ ಇವಕ್ಕಿಂತ ವಾಸ್ತವಕ್ಕೆ ಹತ್ತಿರ. ತರಕಾರಿ, ಹಣ್ಣು, ಬಿದಿರು, ಪೊರಕೆ ಹುಲ್ಲು, ಲುಂಗಿ, ಸೀರೆ, ಮಚ್ಚು, ಗುದ್ದಲಿ ಎಲ್ಲ ಅದರಲ್ಲಿವೆ.

ಹಾಟ್‌ಗಳ ಅಸಲಿ ದೌರ್ಬಲ್ಯ ಬೇರೆ ಕಡೆಯಿದೆ: ಅವು ರಾಜಧಾನಿಗಳ ಮರ್ಜಿಯ ಮೇಲೆ ನಿಂತಿವೆ. ಕೋವಿಡ್ ಬಂದಾಗ, 2020ರಲ್ಲಿ, ಎಲ್ಲ ಹಾಟ್‌ಗಳೂ ಮುಚ್ಚಿದವು. ಪೆಟ್ರಾಪೋಲ್‌ನಲ್ಲಿ ಕೆಲವೇ ತಿಂಗಳಲ್ಲಿ ಲಾರಿಗಳು ಓಡಿದರೂ ಹಲವು ಹಾಟ್‌ಗಳು ಹಂತ ಹಂತವಾಗಿ ತೆರೆಯುವ ಹೊತ್ತಿಗೆ 2022–23 ಆಗಿತ್ತು. 2024ರ ಆಗಸ್ಟ್‌ನಲ್ಲಿ ಢಾಕಾದಲ್ಲಿ ಸರ್ಕಾರ ಬಿದ್ದ ನಂತರ ಎರಡು ದೇಶಗಳ ಸಂಬಂಧ ಹಳಸಿತು. 2025ರ ಏಪ್ರಿಲ್‌ನಲ್ಲಿ ಭಾರತ ತನ್ನ ನೆಲದ ಮೂಲಕ ಮೂರನೆಯ ದೇಶಗಳಿಗೆ ಸರಕು ಸಾಗಿಸಲು ಬಾಂಗ್ಲಾದೇಶಕ್ಕಿದ್ದ ಸವಲತ್ತನ್ನು ಹಿಂತೆಗೆದುಕೊಂಡಿತು. ಬಾಂಗ್ಲಾದೇಶ ಭೂಮಾರ್ಗದಿಂದ ಭಾರತದ ನೂಲು ಬರುವುದನ್ನು ನಿಲ್ಲಿಸಿತು. ಮೇ ತಿಂಗಳಲ್ಲಿ ಭಾರತ ಬಾಂಗ್ಲಾದೇಶದ ಸಿದ್ಧ ಉಡುಪುಗಳನ್ನು ನವಾ ಶೇವಾ ಮತ್ತು ಕೊಲ್ಕತ್ತ ಬಂದರುಗಳಿಗೆ ಸೀಮಿತಗೊಳಿಸಿತು. ಜೊತೆಗೆ ಸಂಸ್ಕರಿತ ಆಹಾರ, ಪ್ಲಾಸ್ಟಿಕ್ ಸಾಮಾನು, ಹಣ್ಣಿನ ಪಾನೀಯ, ಮರದ ಪೀಠೋಪಕರಣಗಳು ಅಸ್ಸಾಂ, ಮೇಘಾಲಯ, ತ್ರಿಪುರಾ, ಮಿಜೋರಾಂಗಳ ಸುಂಕದ ಕಟ್ಟೆಗಳಿಂದ ಒಳಬರದಂತೆ ತಡೆಯಿತು. ಬಿಸ್ಕತ್ತು, ಪ್ಲಾಸ್ಟಿಕ್ ಬಕೆಟ್ಟು ತ್ರಿಪುರಾದ ಹಾಟ್‌ಗಳಲ್ಲಿಯೂ ಕೈ ಬದಲಿಸುವ ಸರಕೇ. ರಾಜಧಾನಿಗಳ ಮುನಿಸು ಮೊದಲು ತಟ್ಟುವುದು ದೆಹಲಿ ಢಾಕಾಗಳ ಅಂಗಡಿಗಳಿಗಲ್ಲ, ಈ ನಾಲ್ಕು ರಾಜ್ಯಗಳ ಅಡುಗೆಮನೆಗಳಿಗೆ ಮತ್ತು ಅವುಗಳನ್ನು ನಂಬಿದ ಆಚೆಯ ಸಣ್ಣ ವ್ಯಾಪಾರಿಗಳಿಗೆ.

ಹಾಗಿರುವಾಗ ಸುಧಾರಣೆ ಎಂದರೆ ಡಾಲರ್ ಮಿತಿಯನ್ನು ಏರಿಸುವುದು ಎಂಬ ಸರ್ಕಾರಗಳ ತಿಳಿವಳಿಕೆ ಸಾಲದು. 200 ಡಾಲರ್ ಬಹುಪಾಲು ಹಳ್ಳಿಗರಿಗೆ ಈಗಲೇ ದೊಡ್ಡ ಮೊತ್ತ. ಅದನ್ನು ಇನ್ನೂ ಏರಿಸಿದರೆ ಲಾಭ ಸಗಟು ವ್ಯಾಪಾರಿಗಳಿಗೆ. ಮೊದಲು ಸಡಿಲಿಸಬೇಕಾದದ್ದು ಐದು ಕಿಲೋಮೀಟರ್ ನಿಯಮವನ್ನು, ಅದೂ ಮೇಘಾಲಯದಲ್ಲಿ. ನಕ್ಷೆಯ ಮೇಲೆ ಎಳೆದ ಐದು ಕಿಲೋಮೀಟರ್ ವೃತ್ತ ಬಯಲಿನ ಕಡೆ ಹತ್ತಾರು ದಟ್ಟ ಹಳ್ಳಿಗಳನ್ನು ಒಳಗೊಂಡರೆ, ಬೆಟ್ಟದ ಕಡೆ ಕಿತ್ತಳೆ ಮತ್ತು ಅಡಕೆ ತೋಟಗಳ ಬಹುಭಾಗವನ್ನು ಹೊರಗಿಡುತ್ತದೆ. ಬೆಳೆಯುವವನಿಗೆ ಪ್ರವೇಶವಿಲ್ಲ, ಅವನಿಂದ ಕೊಂಡು ತರುವ ದಲ್ಲಾಳಿಗೆ ಇದೆ. ಎರಡನೆಯದು ಹೆಂಗಸರ ವಿಷಯ. ಖಾಸಿ, ಗಾರೋ ಎರಡೂ ಮಾತೃವಂಶೀಯ ಸಮಾಜಗಳು. ಶಿಲ್ಲಾಂಗ್‌ನ ಇಯೆವ್‌ದುಹ್‌ನಂಥ ದೊಡ್ಡ ಮಾರುಕಟ್ಟೆಯನ್ನೇ ಹೆಂಗಸರು ನಡೆಸುವ ನಾಡು ಅದು. ಹಾಟ್‌ನ ಮಾರಾಟದ ಪರವಾನಗಿಗಳಲ್ಲಿ ಒಂದು ಪಾಲನ್ನು ಅವರಿಗೆ ಮೀಸಲಿಡುವುದು, ಗಡಿ ತಪಾಸಣೆಗೆ ಮಹಿಳಾ ಸಿಬ್ಬಂದಿಯನ್ನು ಇಡುವುದು, ಅಂಗಳದಲ್ಲಿ ಶೌಚಾಲಯ ಕಟ್ಟಿಸುವುದು, ಇವಾವುದಕ್ಕೂ ಹೊಸ ಒಪ್ಪಂದ ಬೇಡ. ಮೂರನೆಯದು ಕಷ್ಟದ್ದು. ಹಾಟ್ ಮುಚ್ಚುವ, ತೆರೆಯುವ ನಿರ್ಧಾರ ಎರಡು ಜಿಲ್ಲೆಗಳ ಸಮಿತಿಯ ಕೈಯಲ್ಲಿ ಉಳಿಯಬೇಕು, ಇಂತಿಷ್ಟು ವಾರಕ್ಕಿಂತ ಹೆಚ್ಚು ಮುಚ್ಚಬೇಕಾದರೆ ರಾಜಧಾನಿ ಲಿಖಿತ ಕಾರಣ ಕೊಡಬೇಕು ಎಂಬ ಒಂದು ವಾಕ್ಯ ತಿಳಿವಳಿಕೆ ಪತ್ರಕ್ಕೆ ಸೇರಬೇಕು. ಎದುರುಬದುರು ಕೂತು ಬೇಲಿಯ ದುರಸ್ತಿ, ಕಟ್ಟೆಯ ಹಂಚಿಕೆ, ಮಳೆಗಾಲದ ದಾರಿ ಇವನ್ನೆಲ್ಲ ಮಾತಾಡಿ ಮುಗಿಸುವ ಅಧಿಕಾರಿಗಳು ಕಲೈಚರ್‌ನಲ್ಲೂ ಬಾಲಾಟ್‌ನಲ್ಲೂ ಇದ್ದಾರೆ. ಈ ನಿರ್ಧಾರಕ್ಕೆ ಬೇಕಾದ ತಿಳಿವಳಿಕೆಯೂ ಅವರಲ್ಲಿಯೇ ಇದೆ.