ಮಹಿಳೆ ಪಾಸ್ಟರ್ ಆದರೆ ಚರ್ಚೇ ಹೊರಕ್ಕೆ: ಸದರ್ನ್ ಬ್ಯಾಪ್ಟಿಸ್ಟರ ಜಗಳ ಏನು, ಯಾಕೆ?

2023ರ ಜೂನ್. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್‌ನ ವಾರ್ಷಿಕ ಸಭೆ. ಸೇರಿದ್ದವರು 12 ಸಾವಿರಕ್ಕೂ ಹೆಚ್ಚು. ಮೈಕ್ ಮುಂದೆ ನಿಂತವರು ಲಿಂಡಾ ಬಾರ್ನ್ಸ್ ಪಾಪಮ್. ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿರುವ ಫರ್ನ್ ಕ್ರೀಕ್ ಬ್ಯಾಪ್ಟಿಸ್ಟ್ ಚರ್ಚಿಗೆ ಆಕೆ ಮೂವತ್ತು ವರ್ಷಗಳಿಂದ ಪಾಸ್ಟರ್. ನಮ್ಮ ಚರ್ಚನ್ನು ಹೊರಹಾಕಬೇಡಿ ಅಂತ ವಾದಿಸಲು ಆಕೆಗೆ ಸಿಕ್ಕಿದ್ದು ಮೂರು ನಿಮಿಷ. ಮತ ಎಣಿಸಿದಾಗ ಹೊರಹಾಕುವ ಪರ 9,700, ಉಳಿಸಿಕೊಳ್ಳುವ ಪರ 806.

ಅದೇ ದಿನ ಕ್ಯಾಲಿಫೋರ್ನಿಯಾದ ಸ್ಯಾಡಲ್‌ಬ್ಯಾಕ್ ಚರ್ಚಿನ ಮೇಲ್ಮನವಿಯೂ ಬಿದ್ದುಹೋಯಿತು. 9,437ಕ್ಕೆ 1,212. ಇದು ಸಣ್ಣಪುಟ್ಟ ಚರ್ಚಲ್ಲ. 'ದಿ ಪರ್ಪಸ್ ಡ್ರಿವನ್ ಲೈಫ್' ಪುಸ್ತಕ ಬರೆದ ರಿಕ್ ವಾರೆನ್ ಕಟ್ಟಿದ, ಇಡೀ ಒಕ್ಕೂಟದಲ್ಲೇ ಅತಿ ದೊಡ್ಡ ಚರ್ಚುಗಳಲ್ಲಿ ಒಂದು. ಎರಡೂ ಚರ್ಚುಗಳ ಮೇಲಿದ್ದ ಆರೋಪ ಒಂದೇ: ಹೆಣ್ಣುಮಕ್ಕಳಿಗೆ 'ಪಾಸ್ಟರ್' ಹುದ್ದೆ ಕೊಟ್ಟಿದ್ದಾರೆ.

ಬ್ಯಾಪ್ಟಿಸ್ಟರಲ್ಲಿ ಪೋಪ್ ಇಲ್ಲ, ಬಿಷಪ್ ಕೂಡ ಇಲ್ಲ. ಹಾಗಿದ್ದ ಮೇಲೆ ಹೊರಹಾಕೋಕೆ ಇವರು ಯಾರು? ನಿಜವಾದ ಕಥೆ ಇರೋದು ಇಲ್ಲೇ.

ಸರ್ವರ್ ಇಲ್ಲದ ನೆಟ್‌ವರ್ಕ್

ಬ್ಯಾಪ್ಟಿಸ್ಟ್ ಪಂಥದ ಮೂಲ ತತ್ವಗಳಲ್ಲಿ ಒಂದು ಸ್ಥಳೀಯ ಸಭೆಯ ಸ್ವಾಯತ್ತತೆ. ಪ್ರತಿ ಚರ್ಚೂ ತನ್ನ ಪಾಸ್ಟರನ್ನು ತಾನೇ ಆರಿಸಿಕೊಳ್ಳುತ್ತದೆ, ತನ್ನ ಆಸ್ತಿಯನ್ನು ತಾನೇ ನೋಡಿಕೊಳ್ಳುತ್ತದೆ. ಕಂಪ್ಯೂಟರ್ ಭಾಷೆಯಲ್ಲಿ ಹೇಳುವುದಾದರೆ ಇದು ಪಿಯರ್-ಟು-ಪಿಯರ್ ನೆಟ್‌ವರ್ಕ್. ಮಧ್ಯದಲ್ಲಿ ಕೂತು ಆಜ್ಞೆ ಹೊರಡಿಸುವ ಸರ್ವರ್ ಇಲ್ಲ.

ಹಾಗಾಗಿ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ ಒಂದು 'ಚರ್ಚ್' ಅಲ್ಲ, ಸುಮಾರು 47 ಸಾವಿರ ಚರ್ಚುಗಳ ಒಕ್ಕೂಟ. ಇವೆಲ್ಲ ಸೇರಿ ಒಂದು ಹುಂಡಿಗೆ ದುಡ್ಡು ಹಾಕುತ್ತವೆ. 1925ರಲ್ಲಿ ಶುರುವಾದ ಆ ಹುಂಡಿಯ ಹೆಸರು ಕೋಆಪರೇಟಿವ್ ಪ್ರೋಗ್ರಾಂ. ಸೆಮಿನರಿಗಳು, ಮಿಷನರಿ ಕೆಲಸ ಎಲ್ಲ ನಡೆಯೋದು ಅದರಿಂದ. ವರ್ಷಕ್ಕೊಮ್ಮೆ ಚರ್ಚುಗಳು ಸಭೆಗೆ ಜನ ಕಳಿಸುತ್ತವೆ. ಅವರನ್ನು ಡೆಲಿಗೇಟ್ ಅನ್ನುವಂತಿಲ್ಲ, 'ಮೆಸೆಂಜರ್' ಅನ್ನಬೇಕು. ಯಾಕೆಂದರೆ ಮೇಲಿನವರ ಅಧಿಕಾರವನ್ನು ಕೆಳಗೆ ಹೇರುವ ವ್ಯವಸ್ಥೆ ತಮ್ಮದಲ್ಲ ಎಂಬ ಹೆಮ್ಮೆ.

ಈ ಒಕ್ಕೂಟಕ್ಕೆ ಯಾವ ಪಾಸ್ಟರನ್ನೂ ಕೆಲಸದಿಂದ ತೆಗೆಯುವ ಅಧಿಕಾರ ಇಲ್ಲ. ಅದು ಮಾಡಬಹುದಾದದ್ದು ಒಂದೇ, ಇಂಥ ಚರ್ಚ್ ನಮ್ಮ ಜೊತೆ 'ಸ್ನೇಹಪೂರ್ವಕ ಸಹಕಾರ'ದಲ್ಲಿ ಇಲ್ಲ ಅಂತ ಘೋಷಿಸುವುದು. ಊಟದ ಪಂಕ್ತಿಯಿಂದ ಎಬ್ಬಿಸಿ ಕಳಿಸಿದ ಹಾಗೆ. ಮನೆಗೆ ಹೋಗಿ ನೀವು ಏನು ಬೇಕಾದರೂ ಉಣ್ಣಬಹುದು, ನಮ್ಮ ಪಂಕ್ತಿಯಲ್ಲಿ ಮಾತ್ರ ಬೇಡ.

ಅಂದಹಾಗೆ ಈ ಒಕ್ಕೂಟ ಹುಟ್ಟಿದ್ದು 1845ರಲ್ಲಿ, ಜಾರ್ಜಿಯಾದ ಆಗಸ್ಟಾದಲ್ಲಿ. ಗುಲಾಮರನ್ನು ಇಟ್ಟುಕೊಂಡವರು ಮಿಷನರಿ ಆಗಬಹುದಾ ಎಂಬ ಪ್ರಶ್ನೆಗೆ ಉತ್ತರದ ಬ್ಯಾಪ್ಟಿಸ್ಟರು ಆಗಲ್ಲ ಅಂದರು, ದಕ್ಷಿಣದವರು ಬೇರೆಯಾದರು. ಅದಕ್ಕೆ ಅಧಿಕೃತವಾಗಿ ಕ್ಷಮೆ ಕೇಳಿದ್ದು 1995ರಲ್ಲಿ. ಗುಲಾಮಗಿರಿಯನ್ನು ಸಮರ್ಥಿಸಿಕೊಳ್ಳಲು ಅಂದು ತೋರಿಸಿದ್ದೂ ಬೈಬಲ್ಲನ್ನೇ. ಇವತ್ತು ಮಹಿಳಾ ಪಾಸ್ಟರ್‌ಗಳ ಪರ ಇರುವವರು ಇದನ್ನು ಪದೇಪದೇ ನೆನಪಿಸುತ್ತಾರೆ.

ಬೈಬಲ್ ಏನು ಹೇಳುತ್ತದೆ?

ವಿರೋಧಿಗಳ ಮುಖ್ಯ ಆಧಾರ ಪೌಲನ ಹೆಸರಿನಲ್ಲಿರುವ ತಿಮೊಥೆಯನಿಗೆ ಬರೆದ ಮೊದಲ ಪತ್ರ, ಎರಡನೇ ಅಧ್ಯಾಯ. ಹೆಂಗಸು ಗಂಡಸಿಗೆ ಉಪದೇಶ ಮಾಡುವುದಕ್ಕೆ, ಅವನ ಮೇಲೆ ಅಧಿಕಾರ ನಡೆಸುವುದಕ್ಕೆ ಅಲ್ಲಿ ಅನುಮತಿ ನಿರಾಕರಿಸಲಾಗಿದೆ. ಆದಾಮ ಮೊದಲು ಸೃಷ್ಟಿಯಾದ, ಮೋಸಹೋದವಳು ಹವ್ವ ಎಂಬ ಕಾರಣವೂ ಅಲ್ಲೇ ಇದೆ. ಕಾರಣ ಸೃಷ್ಟಿಯ ಕಥೆಗೇ ತಳುಕು ಹಾಕಿಕೊಂಡಿರುವುದರಿಂದ ಇದು ಆ ಒಂದು ಊರಿಗೆ ಸೀಮಿತವಲ್ಲ, ಎಲ್ಲ ಕಾಲಕ್ಕೂ ಅನ್ವಯ ಅನ್ನುವುದು ಅವರ ವಾದ. ಗಂಡು ಹೆಣ್ಣು ಘನತೆಯಲ್ಲಿ ಸಮಾನರು, ಪಾತ್ರಗಳು ಮಾತ್ರ ಬೇರೆ ಬೇರೆ ಎನ್ನುವ ಈ ನಿಲುವಿಗೆ 'ಕಾಂಪ್ಲಿಮೆಂಟೇರಿಯನ್' ಎಂಬ ಹೆಸರಿದೆ. ಇದನ್ನು ಬರೀ ಹೆಣ್ಣುದ್ವೇಷ ಅಂತ ತಳ್ಳಿಹಾಕಿದರೆ ನಿಮಗೆ ಈ ಜಗಳ ಅರ್ಥವಾಗಲ್ಲ. ಪೌಲನ ಈ ಮಾತನ್ನು ಬಿಟ್ಟುಕೊಟ್ಟರೆ ನಾಳೆ ಇನ್ಯಾವುದನ್ನು ಬಿಡಬೇಕಾದೀತು ಎಂಬ ಭಯ ಅವರಲ್ಲಿ ಪ್ರಾಮಾಣಿಕವಾಗಿಯೇ ಇದೆ.

ಎದುರು ವಾದವೂ ಬೈಬಲ್ಲಿನಿಂದಲೇ ಬರುತ್ತದೆ. ಅದೇ ಪೌಲ ರೋಮಾಪುರದವರಿಗೆ ಬರೆದ ಪತ್ರದ ಕೊನೆಯಲ್ಲಿ ಫೊಯಿಬೆ ಎಂಬಾಕೆಯನ್ನು ಸಭೆಯ ಸೇವಕಿ ಅಂತ ಗೌರವದಿಂದ ಪರಿಚಯಿಸುತ್ತಾನೆ. ಯೂನ್ಯ ಎಂಬಾಕೆಯನ್ನು ಅಪೊಸ್ತಲರ ಸಾಲಿನಲ್ಲಿ ಹೊಗಳುತ್ತಾನೆ. (ಈ ಹೆಸರನ್ನು ಗಂಡಸಿನ ಹೆಸರು ಅಂತ ಓದಿದ ಅನುವಾದಗಳು ಬಹಳ ಕಾಲ ಚಲಾವಣೆಯಲ್ಲಿದ್ದವು. ಅಪೊಸ್ತಲ ಅಂದಮೇಲೆ ಹೆಂಗಸಾಗಿರೋಕೆ ಹೇಗೆ ಸಾಧ್ಯ ಅಂತ!) ಅಪೊಲ್ಲೋಸನಂಥ ವಿದ್ವಾಂಸನಿಗೆ ಪಾಠ ಹೇಳಿದವರಲ್ಲಿ ಪ್ರಿಸ್ಕಿಲ್ಲಳೂ ಇದ್ದಳು. ಯೇಸು ಎದ್ದಿದ್ದಾನೆ ಎಂಬ ಸುದ್ದಿಯನ್ನು ಶಿಷ್ಯರಿಗೆ ಮುಟ್ಟಿಸಿದ್ದು ಮಗ್ದಲದ ಮರಿಯಳು. ಹಿಂದೆ ವಿರೋಧಿಗಳ ಕಡೆಗಿದ್ದ ರಿಕ್ ವಾರೆನ್ ತಮ್ಮ ಮನಸ್ಸು ಬದಲಾಗಿದ್ದಕ್ಕೆ ಕೊಟ್ಟ ಕಾರಣಗಳಲ್ಲಿ ಇದೂ ಒಂದು.

ಒಂದೇ ಪುಸ್ತಕ, ಎರಡು ಓದು. ಇದನ್ನು ಹೀಗೆ ಎಳೆದಾಡುತ್ತಾ ಹೋದರೆ ಕೊನೆಯೇ ಇಲ್ಲ. ಇತಿಹಾಸ ಹೆಚ್ಚು ಮಾತಾಡುತ್ತದೆ.

ಪಾಠ ಹೇಳಬಹುದು, ಪಟ್ಟ ಕೇಳಬಾರದು

ಬ್ಯಾಪ್ಟಿಸ್ಟ್ ಹೆಣ್ಣುಮಕ್ಕಳು ಬೋಧಿಸುವುದು ನಿನ್ನೆ ಮೊನ್ನೆಯದಲ್ಲ. 1640ರ ದಶಕದ ಲಂಡನ್ನಿನಲ್ಲಿ ಲೇಸ್ ಮಾರುತ್ತಿದ್ದ ಅಟ್ಟವೇ ಎಂಬಾಕೆ ಬೆಲ್ ಆಲಿಯ ಬ್ಯಾಪ್ಟಿಸ್ಟ್ ಸಭೆಯಲ್ಲಿ ಬೋಧನೆ ಮಾಡುತ್ತಿದ್ದಳು. ನಮಗೆ ಈ ವಿಷಯ ಗೊತ್ತಾಗಿರುವುದು ಆಕೆಯನ್ನು ಬೈದು ಬರೆದವರಿಂದ.

ಸದರ್ನ್ ಬ್ಯಾಪ್ಟಿಸ್ಟರ ಅತಿ ದೊಡ್ಡ ಐಕಾನ್ ಕೂಡ ಒಬ್ಬ ಹೆಂಗಸೇ, ಲಾಟಿ ಮೂನ್. 19ನೇ ಶತಮಾನದ ಕೊನೆಯಲ್ಲಿ ಚೀನಾದಲ್ಲಿ ಮಿಷನರಿಯಾಗಿ ದಶಕಗಳ ಕಾಲ ದುಡಿದು, 1912ರಲ್ಲಿ ತೀರಿಕೊಂಡವರು. ಇವತ್ತಿಗೂ ಪ್ರತಿ ಕ್ರಿಸ್‌ಮಸ್‌ಗೆ ಆಕೆಯ ಹೆಸರಿನಲ್ಲೇ ವಿದೇಶಿ ಮಿಷನ್ ಕೆಲಸಕ್ಕೆ ಕಾಣಿಕೆ ಎತ್ತುತ್ತಾರೆ. ಚೀನಾದಲ್ಲಿ ಬೋಧಿಸಿದ ಹೆಣ್ಣು ಪೂಜ್ಯಳು, ಅದೇ ಕೆಲಸವನ್ನು ಕೆಂಟಕಿಯಲ್ಲಿ ಪಾಸ್ಟರ್ ಅನ್ನಿಸಿಕೊಂಡು ಮಾಡಿದರೆ ಚರ್ಚ್ ಔಟ್.

ನಮ್ಮ ಬೆಂಗಳೂರಿಗೂ ಇದರ ಒಂದು ಎಳೆ ಇದೆ. ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆ ನಿಮಗೆ ಗೊತ್ತಿರುತ್ತದೆ. ಅದನ್ನು 1973ರಲ್ಲಿ ಶುರು ಮಾಡಿದ್ದು ಇದೇ ಸದರ್ನ್ ಬ್ಯಾಪ್ಟಿಸ್ಟರ ವಿದೇಶಿ ಮಿಷನ್ ಮಂಡಳಿ. ಮಂಡಳಿಯ ಕಡೆಯಿಂದ ಟೆಕ್ಸಸ್‌ನಿಂದ ಬಂದ ಸರ್ಜನ್ ರೆಬೆಕಾ ನೇಲರ್ ಅಲ್ಲಿ ದಶಕಗಳ ಕಾಲ ಆಪರೇಷನ್ ಮಾಡಿದರು, ಆಸ್ಪತ್ರೆಯ ಆಡಳಿತವನ್ನೂ ನೋಡಿಕೊಂಡರು. ಗಂಡಸಿನ ಹೊಟ್ಟೆ ಕೊಯ್ಯಲು, ಗಂಡು ಡಾಕ್ಟರುಗಳಿಗೆ ಬಾಸ್ ಆಗಿರಲು ಯಾವ ವಚನವೂ ಅಡ್ಡ ಬರಲಿಲ್ಲ. ಅಡ್ಡಿ ಇರುವುದು ಭಾನುವಾರದ ಪುಲ್ಪಿಟ್ಟಿಗೆ ಮಾತ್ರ.

ಅಮೆರಿಕದಲ್ಲಿ ಆ ಪುಲ್ಪಿಟ್ಟಿನ ಬಾಗಿಲು ಮೊದಲು ಸ್ವಲ್ಪ ತೆರೆದದ್ದು 1964ರ ಆಗಸ್ಟ್‌ನಲ್ಲಿ. ನಾರ್ತ್ ಕೆರೊಲಿನಾದ ಡರಮ್ ನಗರದ ವಾಟ್ಸ್ ಸ್ಟ್ರೀಟ್ ಬ್ಯಾಪ್ಟಿಸ್ಟ್ ಚರ್ಚ್ ಆಡಿ ಡೇವಿಸ್ ಎಂಬಾಕೆಗೆ ದೀಕ್ಷೆ ಕೊಟ್ಟಿತು. ಒಕ್ಕೂಟದ ಇತಿಹಾಸದಲ್ಲೇ ಮೊದಲನೆಯದು. ದೀಕ್ಷೆ ಏನೋ ಸಿಕ್ಕಿತು, ಆದರೆ ದಕ್ಷಿಣದ ಒಂದು ಚರ್ಚೂ ಆಕೆಯನ್ನು ಪಾಸ್ಟರ್ ಆಗಿ ಕರೆಯಲಿಲ್ಲ. ಕೊನೆಗೆ ಉತ್ತರದ ವರ್ಮಾಂಟ್‌ಗೆ ಹೋಗಬೇಕಾಯಿತು.

ಆಮೇಲಿನ ವರ್ಷಗಳಲ್ಲಿ ಇನ್ನಷ್ಟು ಮಹಿಳೆಯರು ದೀಕ್ಷೆ ಪಡೆದರು. ಅಷ್ಟರಲ್ಲಿ 1979ರ ಹ್ಯೂಸ್ಟನ್ ಸಭೆಯಿಂದ ಸಂಪ್ರದಾಯವಾದಿಗಳು ಯೋಜನಾಬದ್ಧವಾಗಿ ಒಕ್ಕೂಟವನ್ನು ಕೈಗೆ ತೆಗೆದುಕೊಳ್ಳತೊಡಗಿದರು. ಅಧ್ಯಕ್ಷನನ್ನು ಗೆಲ್ಲಿಸು, ಅವನ ಮೂಲಕ ಸಮಿತಿಗಳನ್ನು, ಸಮಿತಿಗಳ ಮೂಲಕ ಸೆಮಿನರಿಗಳ ಟ್ರಸ್ಟಿಗಳನ್ನು ಹಿಡಿ. ಸಂಸ್ಥೆಗಳನ್ನು ಒಳಗಿನಿಂದ ವಶಪಡಿಸಿಕೊಳ್ಳುವ ಈ ವಿಧಾನ ನಮಗೇನೂ ಹೊಸದಲ್ಲ ಬಿಡಿ. 1984ರಲ್ಲಿ ಮಹಿಳೆಯರ ಪಾಸ್ಟರ್ ದೀಕ್ಷೆಯ ವಿರುದ್ಧ ನಿರ್ಣಯ ಬಂತು, ಅದರಲ್ಲಿ ಹವ್ವಳ ಪತನವೂ ಕಾರಣವಾಗಿ ಸೇರಿತ್ತು. 1998ರಲ್ಲಿ ಹೆಂಡತಿ ಗಂಡನಿಗೆ ವಿನಯದಿಂದ ಅಧೀನಳಾಗಿರಬೇಕು ಎಂಬ ಮಾತು ಒಕ್ಕೂಟದ ನಂಬಿಕೆಯ ಘೋಷಣೆಗೆ ಸೇರಿತು. 2000ದಲ್ಲಿ ಪಾಸ್ಟರ್ ಹುದ್ದೆ ಗಂಡಸರಿಗೆ ಮಾತ್ರ ಅಂತ ಅದರಲ್ಲೇ ಬರೆದರು. ಅದೇ ವರ್ಷ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಒಕ್ಕೂಟದಿಂದ ಸಂಬಂಧ ಕಡಿದುಕೊಂಡರು.

ಒಂದು ಕಣ್ಣಿಗೆ ಬೆಣ್ಣೆ

ಈಗ ಇನ್ನೊಂದು ಫೈಲ್ ತೆರೆಯೋಣ. ಚರ್ಚುಗಳಲ್ಲಿ ಲೈಂಗಿಕ ದೌರ್ಜನ್ಯ ಎಸಗಿದವರ ಡೇಟಾಬೇಸ್ ಮಾಡಿ, ಒಂದು ಚರ್ಚಿನಿಂದ ತೆಗೆದವನು ಇನ್ನೊಂದು ಊರಿನ ಚರ್ಚಿಗೆ ಹೋಗಿ ಪಾಸ್ಟರ್ ಆಗೋದನ್ನು ತಡೆಯಿರಿ ಅಂತ ಸಂತ್ರಸ್ತರು ವರ್ಷಗಟ್ಟಲೆ ಕೇಳುತ್ತಾ ಬಂದಿದ್ದರು. 2008ರಲ್ಲಿ ಒಕ್ಕೂಟದ ಕಾರ್ಯಕಾರಿ ಸಮಿತಿ ಆಗಲ್ಲ ಅಂದಿತು. ಕೊಟ್ಟ ಕಾರಣ? ಸ್ಥಳೀಯ ಚರ್ಚುಗಳ ಸ್ವಾಯತ್ತತೆ.

2019ರಲ್ಲಿ ಹ್ಯೂಸ್ಟನ್ ಕ್ರಾನಿಕಲ್ ಮತ್ತು ಸ್ಯಾನ್ ಆಂಟೋನಿಯೊ ಎಕ್ಸ್‌ಪ್ರೆಸ್-ನ್ಯೂಸ್ ಪತ್ರಿಕೆಗಳು ಎರಡು ದಶಕಗಳಲ್ಲಿ ಸುಮಾರು 380 ಆರೋಪಿಗಳು, 700ಕ್ಕೂ ಹೆಚ್ಚು ಸಂತ್ರಸ್ತರ ಲೆಕ್ಕವನ್ನು ಹೊರತಂದವು. 2022ರ ಮೇ ತಿಂಗಳಲ್ಲಿ ಗೈಡ್‌ಪೋಸ್ಟ್ ಸಲ್ಯೂಷನ್ಸ್ ಸಂಸ್ಥೆಯ ತನಿಖಾ ವರದಿ ಬಂತು. ನಮ್ಮಿಂದಾಗಲ್ಲ ಅಂದಿದ್ದ ಅದೇ ಕಚೇರಿಯಲ್ಲಿ ಆರೋಪಿಗಳ ಪಟ್ಟಿಯೊಂದನ್ನು ವರ್ಷಗಟ್ಟಲೆ ಗುಟ್ಟಾಗಿ ಇಟ್ಟುಕೊಂಡಿದ್ದರು! ಅದರಲ್ಲಿ 700ಕ್ಕೂ ಹೆಚ್ಚು ಹೆಸರುಗಳಿದ್ದವು. ಆ ವರ್ಷದ ಸಭೆಯಲ್ಲಿ ಮೆಸೆಂಜರ್‌ಗಳು ಡೇಟಾಬೇಸ್ ಬೇಕೇಬೇಕು ಅಂತ ಮತ ಹಾಕಿದರು. 2024ರ ಜೂನ್‌ನಲ್ಲಿ ಅದರ ಹೊಣೆ ಹೊತ್ತ ಕಾರ್ಯಪಡೆಯ ಅವಧಿ ಮುಗಿದಾಗ ಪ್ರಕಟವಾಗಿದ್ದ ಹೆಸರುಗಳ ಸಂಖ್ಯೆ ಸೊನ್ನೆ. 2025ರಲ್ಲಿ ಕಾರ್ಯಕಾರಿ ಸಮಿತಿಯ ಮುಖ್ಯಸ್ಥರು ಸದ್ಯಕ್ಕೆ ನಮ್ಮ ಗಮನ ಅದರ ಮೇಲಿಲ್ಲ ಅಂದುಬಿಟ್ಟರು.

ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ದೌರ್ಜನ್ಯದ ಪ್ರಕರಣಗಳನ್ನು ಸರಿಯಾಗಿ ನಿಭಾಯಿಸದ ಚರ್ಚುಗಳನ್ನೂ ಒಕ್ಕೂಟ ಹೊರಹಾಕಿದೆ. ನ್ಯೂ ಆರ್ಲಿಯನ್ಸ್ ಸಭೆಯಲ್ಲೇ ಫ್ಲೋರಿಡಾದ ಒಂದು ಚರ್ಚ್ ಇದೇ ಕಾರಣಕ್ಕೆ ಹೋಯಿತು. ಆದರೆ ಒಂದು ಪಟ್ಟಿ ಪ್ರಕಟಿಸೋಕೆ ಅಡ್ಡ ಬಂದ ಸ್ವಾಯತ್ತತೆ, ಫರ್ನ್ ಕ್ರೀಕ್‌ನ ಜನ ತಮಗೆ ಬೇಕಾದ ಪಾಸ್ಟರನ್ನು ಇಟ್ಟುಕೊಂಡಾಗ ಎಲ್ಲಿ ಹೋಗಿತ್ತು? ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ. ನನ್ನ ಪ್ರಕಾರ ಈ ವಿವಾದದ ತಿರುಳು ತಿಮೊಥೆಯನ ಪತ್ರಕ್ಕಿಂತ ಹೆಚ್ಚಾಗಿ ಇಲ್ಲಿದೆ. ಸ್ವಾಯತ್ತತೆ ಎಂಬ ತತ್ವ ಯಾರ ಪರವಾಗಿ ನೆನಪಾಗುತ್ತದೆ, ಯಾರ ಸರದಿ ಬಂದಾಗ ಮರೆತುಹೋಗುತ್ತದೆ ಅನ್ನುವುದರಲ್ಲಿ.

ತಿದ್ದುಪಡಿ ಬಿತ್ತು, ಹಾಗಂತ ಗೆದ್ದವರು ಯಾರು?

ವರ್ಜೀನಿಯಾದ ಪಾಸ್ಟರ್ ಮೈಕ್ ಲಾ ತಂದ ಸಂವಿಧಾನ ತಿದ್ದುಪಡಿಯೊಂದು ಆಮೇಲೆ ದೊಡ್ಡ ಸುದ್ದಿಯಾಯಿತು. ಯಾವುದೇ ಬಗೆಯ ಪಾಸ್ಟರ್ ಆಗಿರಲಿ, ಗಂಡಸರೇ ಆಗಿರಬೇಕು ಎಂಬುದು ಅದರ ಸಾರ. ಅಂದರೆ ಮುಖ್ಯ ಪಾಸ್ಟರ್ ಮಾತ್ರವಲ್ಲ, ಮಕ್ಕಳ ಪಾಸ್ಟರ್, ಸಂಗೀತದ ಪಾಸ್ಟರ್ ಕೂಡ. ಸತತ ಎರಡು ವರ್ಷ ಮೂರನೇ ಎರಡರಷ್ಟು ಮತ ಬೇಕು. 2023ರಲ್ಲಿ ಸಿಕ್ಕಿತು. 2024ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಶೇ. 61ಕ್ಕೆ ನಿಂತುಹೋಯಿತು. 2025ರಲ್ಲಿ ಡಲ್ಲಾಸ್‌ನಲ್ಲಿ ಮತ್ತೆ ತಂದರು, ಶೇ. 60ರ ಆಸುಪಾಸಿಗೆ ಮತ್ತೆ ಬಿತ್ತು.

ಇದನ್ನು ಉದಾರವಾದಿಗಳ ಗೆಲುವು ಅಂತ ಬರೆದವರಿದ್ದಾರೆ. ಸ್ವಲ್ಪ ತಡೀರಿ. ಇಂಡಿಯಾನಾಪೊಲಿಸ್‌ನಲ್ಲಿ ತಿದ್ದುಪಡಿ ಬೀಳುವ ಹಿಂದಿನ ದಿನವಷ್ಟೇ, ಅಲೆಕ್ಸಾಂಡ್ರಿಯಾದ ಫಸ್ಟ್ ಬ್ಯಾಪ್ಟಿಸ್ಟ್ ಚರ್ಚನ್ನು ಅದೇ ಜನ 6,759ಕ್ಕೆ 563 ಮತಗಳಿಂದ ಹೊರಹಾಕಿದ್ದರು. ಅಲ್ಲಿ ಮಕ್ಕಳ ಮತ್ತು ಮಹಿಳೆಯರ ವಿಭಾಗಕ್ಕೆ ಒಬ್ಬ ಮಹಿಳೆ ಪಾಸ್ಟರ್ ಆಗಿದ್ದರು, ಮುಖ್ಯ ಪಾಸ್ಟರ್ ಹುದ್ದೆಗೂ ಮಹಿಳೆ ಅರ್ಹಳು ಎನ್ನುವುದು ಆ ಚರ್ಚಿನ ನಿಲುವಾಗಿತ್ತು. ತಿದ್ದುಪಡಿಯ ವಿರುದ್ಧ ಮತ ಹಾಕಿದ ಬಹಳಷ್ಟು ಜನರ ತರ್ಕ ಸರಳ: ಇರುವ ನಿಯಮದಲ್ಲೇ ಕೆಲಸ ಆಗುತ್ತಿರುವಾಗ ಹೊಸದು ಯಾಕೆ?

ಕಪ್ಪು ಜನರ ಚರ್ಚುಗಳ ಆತಂಕ ಬೇರೆ ಥರದ್ದು. ಅಲ್ಲಿ ಮಕ್ಕಳ ವಿಭಾಗ ನೋಡಿಕೊಳ್ಳುವಂಥ ಮಹಿಳೆಯರನ್ನೂ ಪಾಸ್ಟರ್ ಅಂತ ಗೌರವದಿಂದ ಕರೆಯುವ ವಾಡಿಕೆ ಇದೆ. ತಿದ್ದುಪಡಿ ಬಂದರೆ ಮೊದಲ ಪೆಟ್ಟು ತಮಗೇ ಅಂತ ಒಕ್ಕೂಟದ ಆಫ್ರಿಕನ್ ಅಮೆರಿಕನ್ ಸಂಘಟನೆ 2023ರಲ್ಲೇ ಪತ್ರ ಬರೆದಿತ್ತು. ಗುಲಾಮಗಿರಿಯ ಪರ ಹುಟ್ಟಿದ ಸಂಸ್ಥೆಗೆ ಈ ಪತ್ರ ಎಷ್ಟು ಮುಜುಗರದ್ದು ಅಂತ ಬಿಡಿಸಿ ಹೇಳಬೇಕಿಲ್ಲ.

ಎಲ್ಲ ಬ್ಯಾಪ್ಟಿಸ್ಟರೂ ಹೀಗೇ ಅಂದುಕೊಳ್ಳಬೇಡಿ. ಅಮೆರಿಕನ್ ಬ್ಯಾಪ್ಟಿಸ್ಟ್ ಚರ್ಚಸ್, 1991ರಲ್ಲಿ ಸದರ್ನ್‌ನಿಂದಲೇ ಸಿಡಿದು ಹೋದ ಕೋಆಪರೇಟಿವ್ ಬ್ಯಾಪ್ಟಿಸ್ಟ್ ಫೆಲೋಶಿಪ್ ಎರಡೂ ಮಹಿಳೆಯರಿಗೆ ದೀಕ್ಷೆ ಕೊಡುತ್ತವೆ. ನಮ್ಮ ಕಡೆಯ ಸಿಎಸ್‌ಐ ಬ್ಯಾಪ್ಟಿಸ್ಟ್ ಅಲ್ಲ, ಆದರೂ ಹೋಲಿಕೆಗೆ ಹೇಳುತ್ತೇನೆ: 2013ರಲ್ಲೇ ಆಂಧ್ರದ ನಂದ್ಯಾಲ ಧರ್ಮಪ್ರಾಂತ್ಯಕ್ಕೆ ಪುಷ್ಪ ಲಲಿತಾ ಬಿಷಪ್ ಆದರು.

2006ರಲ್ಲಿ ಸದರ್ನ್ ಬ್ಯಾಪ್ಟಿಸ್ಟರ ಸಂಖ್ಯೆ 1.63 ಕೋಟಿ ಇತ್ತು. 2024ರ ಲೆಕ್ಕದಲ್ಲಿ 1.27 ಕೋಟಿಗೆ ಇಳಿದಿದೆ. ಇದಕ್ಕೆ ಮಹಿಳೆಯರ ಪ್ರಶ್ನೆಯೊಂದೇ ಕಾರಣ ಅನ್ನಲಾಗದು, ಅಮೆರಿಕದ ಹೆಚ್ಚಿನ ಪಂಥಗಳು ಕರಗುತ್ತಿವೆ. ಆದರೆ ಲಕ್ಷಾಂತರ ಮಹಿಳೆಯರಿಗೆ ಬೈಬಲ್ ಪಾಠ ಹೇಳಿ ಹೆಸರಾಗಿದ್ದ ಬೆತ್ ಮೂರ್ ಥರದವರು 2021ರಲ್ಲಿ ಬಾಗಿಲು ದಾಟಿ ಹೊರಗೆ ಹೋದರು. ಅವರನ್ನು ಯಾರೂ ಮತ ಹಾಕಿ ಕಳಿಸಿರಲಿಲ್ಲ.

ಫರ್ನ್ ಕ್ರೀಕ್ ವಿಷಯಕ್ಕೆ ಬಂದರೆ, 9,700 ಮತಗಳಿಗೆ ಆ ಚರ್ಚಿನ ಹೆಸರನ್ನು ಪಟ್ಟಿಯಿಂದ ತೆಗೆಯಲು ಸಾಧ್ಯವಾಯಿತು, ಅಷ್ಟೇ. ಪಾಪಮ್ ಅವರನ್ನು ಪುಲ್ಪಿಟ್ಟಿನಿಂದ ಇಳಿಸುವ ಅಧಿಕಾರ ಆ ಸಭಾಂಗಣದಲ್ಲಿ ಯಾರಿಗೂ ಇರಲಿಲ್ಲ. ಬ್ಯಾಪ್ಟಿಸ್ಟ್ ನಿಯಮದ ಪ್ರಕಾರ ಅದು ಇರುವುದು ಲೂಯಿವಿಲ್‌ನ ಆ ಚರ್ಚಿನ ಸದಸ್ಯರಿಗೆ ಮಾತ್ರ.