ಸಂತೆಯ ಸರಕೂ ಶರಣರ ಕಾಯಕವೂ

ಬಸವಾದಿ ಶರಣರ ಮತ್ತು ಅವರ ಪೂರ್ವಸೂರಿಗಳ ಹೆಸರುಗಳನ್ನು ಒಂದೆಡೆ ಬರೆದಿಟ್ಟರೆ ಅದೊಂದು ಸಂತೆಯ ಚಿತ್ರವೇ ಆಗುತ್ತದೆ. ನೂಲುವ ಕದಿರ ರೆಮ್ಮವ್ವೆ, ನೇಯುವ ಜೇಡರ ದಾಸಿಮಯ್ಯ, ಹೊಲಿಯುವ ಸೂಜಿಕಾಯಕದ ರಾಮಿತಂದೆ, ಬುಟ್ಟಿ ಹೆಣೆಯುವ ಮೇದಾರ ಕೇತಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಮಡಕೆಯ ಕುಂಬಾರ ಗುಂಡಯ್ಯ, ಪಾದರಕ್ಷೆಯ ಹರಳಯ್ಯ — ಒಂದು ಸಂಸಾರಕ್ಕೆ ಬೇಕಾದ ಸರಕುಗಳೆಲ್ಲ ಇವರ ಕಾಯಕದಲ್ಲಿಯೇ ಅಡಕವಾಗಿವೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೂ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳ ಒಕ್ಕಲು ಮನೆಗಳು ಬಹುಮಟ್ಟಿಗೆ ಇಂಥ ಕೈಗಳನ್ನೇ ನೆಚ್ಚಿಕೊಂಡಿದ್ದವು. ಆ ಕೊಡುಕೊಳ್ಳುವಿಕೆಯಲ್ಲಿ ಕಾಯಕದ ಗೌರವವೆಷ್ಟು ಉಳಿದಿತ್ತು, ಎಷ್ಟು ಅಳಿದಿತ್ತು ಎಂಬುದು ವಿಚಾರಾರ್ಹವಾದ ವಿಷಯ.

ಮನೆಯ ಎಲ್ಲ ವಸ್ತುಗಳನ್ನೂ ಹಣ ಕೊಟ್ಟು ಕೊಳ್ಳುವ ರೂಢಿ ಆಗ ಇರಲಿಲ್ಲ. ಬಡಿಗ, ಕಮ್ಮಾರ, ಕುಂಬಾರ, ಸಮಗಾರ ಮೊದಲಾದ ಆಯಗಾರರು ವರ್ಷವಿಡೀ ತಮ್ಮ ಕೆಲಸವನ್ನು ನಡೆಸಿಕೊಟ್ಟು, ಸುಗ್ಗಿಯಲ್ಲಿ ಕಣಕ್ಕೆ ಬಂದು ತಮ್ಮ ಪಾಲಿನ ಆಯವನ್ನು ಕಾಳಿನ ರೂಪದಲ್ಲಿ ಒಯ್ಯುತ್ತಿದ್ದರು. ಕುಡ, ಕೂರಿಗೆ, ಗಡಿಗೆ, ಕೆರವುಗಳಿಗೆ ಅಂಗಡಿಯ ಅವಶ್ಯಕತೆಯೇ ಇರಲಿಲ್ಲ. ಉಳಿದುದಕ್ಕೆ ವಾರದ ಸಂತೆ. ಉಪ್ಪು, ಬೆಲ್ಲ, ಮೆಣಸಿನಕಾಯಿ, ಮೊರ, ಬುಟ್ಟಿ, ಕಂಬಳಿಗಳು ಅಲ್ಲಿ ದೊರೆಯುತ್ತಿದ್ದವು. ಹೆಣ್ಣುಮಕ್ಕಳು ಸೆರಗಿನಲ್ಲಿ ಜೋಳವನ್ನೋ ಬುಟ್ಟಿಯಲ್ಲಿ ಬೆಣ್ಣೆಯನ್ನೋ ಒಯ್ದು, ಅದನ್ನು ಮಾರಿ ಬಂದ ಕಾಸಿನಲ್ಲಿ ಸಂತೆ ಮಾಡುವುದು ಸಾಮಾನ್ಯವಾಗಿತ್ತು. ಬಳೆಗಾರನು ತಾನೇ ಮನೆಬಾಗಿಲಿಗೆ ಬರುತ್ತಿದ್ದನು. ಬಾಗಿಲು, ಚೌಕಟ್ಟು ಮುಂತಾದ ದೊಡ್ಡ ಸರಕಿಗೆ ಜಾತ್ರೆಯೇ ಆಗಬೇಕು. ಬಾದಾಮಿಯ ಬನಶಂಕರಿ ಜಾತ್ರೆ ಇಂಥ ಮರಗೆಲಸದ ಸರಕಿಗೆ ಹೆಸರುವಾಸಿಯಾದುದು.

ಒಂದು ರೂಪಾಯಿಗೆ 16 ಆಣೆ, ಒಂದು ಆಣೆಗೆ 12 ಪೈ. ರೂಪಾಯಿಗೆ 192 ಪೈ. ಕಾಳಿಗೆ ಸೇರು ಪಾವು, ಬಟ್ಟೆಗೆ ಮೊಳ ಗಜ. ಆದರೆ ಒಂದೂರಿನ ಸೇರು ಮತ್ತೊಂದೂರಿನ ಸೇರಿಗೆ ಸಮನಾಗಿರುತ್ತಿರಲಿಲ್ಲ. ಅಕ್ಷರವರಿಯದ ಕೊಳ್ಳುಗನು ಈ ವ್ಯತ್ಯಾಸದಲ್ಲಿ ನಷ್ಟಕ್ಕೊಳಗಾಗುತ್ತಿದ್ದುದು ವಿರಳವಲ್ಲ. ನಯೇಪೈಸೆಯ ಎಣಿಕೆ 1957ರಲ್ಲಿ ಬಂದಿತು. ದೇಶಕ್ಕೆಲ್ಲ ಒಂದೇ ಅಳತೆಯೆಂಬ ಕಾಯಿದೆ 1956ರದು. ಅಲ್ಲಿಯವರೆಗೆ ವ್ಯಾಪಾರದ ಆಧಾರವೆಂದರೆ ಮಾರುವವನ ಪ್ರಾಮಾಣಿಕತೆಯೊಂದೇ.

ತಾಮ್ರದ ಹಂಡೆ, ಹಿತ್ತಾಳೆಯ ಕೊಡ, ಕಂಚಿನ ತಾಟುಗಳನ್ನು ತೂಕದ ಮೇಲೆ ಕೊಳ್ಳುತ್ತಿದ್ದರು. ಇವು ಕೇವಲ ಪಾತ್ರೆಗಳಲ್ಲ, ಮನೆಯ ಉಳಿತಾಯವೂ ಹೌದು. ಮಳೆ ಹೋದ ವರ್ಷ ಮೊದಲು ಮನೆಯಿಂದ ಹೊರಬೀಳುತ್ತಿದ್ದುದು ಹಂಡೆಯೇ. ಸಾಹುಕಾರನಲ್ಲಿ ಒತ್ತೆಬಿದ್ದ ಪಾತ್ರೆ ಸುಗ್ಗಿಯಲ್ಲಿ ಮರಳಿದರೆ ಆ ಮನೆಗೆ ಅದೇ ಹಬ್ಬ.

ಬಟ್ಟೆಯ ಖರೀದಿಗೆ ಬೇರೆಯೇ ಗಾಂಭೀರ್ಯವಿದ್ದಿತು. ಬಡವರ ಮನೆಗಳಲ್ಲಿ ಹಬ್ಬಕ್ಕೊಮ್ಮೆ ಇಲ್ಲವೆ ಮದುವೆಗೊಮ್ಮೆ ಹೊಸ ಬಟ್ಟೆ. ಲಗ್ನದ ಜವಳಿ ತರುವುದೆಂದರೆ ಬೀಗರಿಬ್ಬರೂ ಹಿರಿಯರನ್ನು ಕೂಡಿಸಿಕೊಂಡು, ಬಂಡಿ ಕಟ್ಟಿಕೊಂಡು ಪೇಟೆಗೆ ಹೋಗುವ ಕಾರ್ಯ. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ, ಗಂಡಸರಿಗೆ ಧೋತರ ಮತ್ತು ರುಮಾಲು — ಇಷ್ಟಿದ್ದರೆ ಮರ್ಯಾದೆ ಉಳಿಯಿತೆಂದೇ ಅರ್ಥ. ಇಳಕಲ್ಲಿನ ನೇಕಾರನು ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿಯಿಂದ ಜೋಡಿಸಿ ನೇಯುವ ಕ್ರಮ ಇಂದಿಗೂ ಪ್ರಸಿದ್ಧವಾಗಿದೆ. ಆ ಕೆಂಪು ಸೆರಗಿನ ತೋಪುತೆನೆಯನ್ನು ನೋಡಿಯೇ ಜನರು ಊರನ್ನು ಗುರುತಿಸುತ್ತಿದ್ದರು. ಉಟ್ಟು ಹರಿದ ಸೀರೆಯೂ ವ್ಯರ್ಥವಾಗುತ್ತಿರಲಿಲ್ಲ. ಮೊದಲು ಕೂಸಿನ ತೊಟ್ಟಿಲಿಗೆ, ಕೊನೆಗೆ ಕೌದಿಗೆ. ಅಜ್ಜಿಯ ಸೀರೆ, ತಾಯಿಯ ಖಣ, ಮಗುವಿನ ಅಂಗಿಗಳ ತುಂಡುಗಳು ಕೂಡಿದ ಕೌದಿ ಒಂದು ಮನೆತನದ ಖರೀದಿಯ ಚರಿತ್ರೆಯೇ ಸರಿ.

ಈ ವ್ಯವಸ್ಥೆಯನ್ನು ಬದಲಿಸಿದ್ದು ರೈಲು ಮತ್ತು ಗಿರಣಿ. 1880ರ ದಶಕದಲ್ಲಿ ದಕ್ಷಿಣ ಮರಾಠಾ ರೈಲುಮಾರ್ಗ ಈ ಸೀಮೆಯನ್ನು ಪ್ರವೇಶಿಸಿತು. ಅದೇ ದಶಕದಲ್ಲಿ ಗೋಕಾಕದಲ್ಲಿ ಘಟಪ್ರಭೆಯ ನೀರಿನ ಬಲದಿಂದ ಹತ್ತಿಯ ಗಿರಣಿ ನಡೆಯತೊಡಗಿತು. ಮ್ಯಾಂಚೆಸ್ಟರಿನ ಮಲ್ಲು, ಮುಂಬಯಿಯ ಗಿರಣಿಯ ಧೋತರ, ಸೀಮೆಎಣ್ಣೆ, ಬೆಂಕಿಪೆಟ್ಟಿಗೆ, ಗಾಜಿನ ಚಿಮಣಿಗಳು ಹಳ್ಳಿಯ ಅಂಗಡಿಯವರೆಗೂ ಬಂದವು. ನೂಲುವ ಕೈಗಳಿಗೆ ಕೆಲಸ ತಪ್ಪಿತು. ನೇಕಾರನು ಮಗ್ಗವನ್ನು ಉಳಿಸಿಕೊಂಡರೂ ಗಿರಣಿಯ ನೂಲಿಗೂ ಅದನ್ನು ಕೊಡುವ ಸಾಹುಕಾರನಿಗೂ ಅಧೀನನಾದನು. ಕೊಳ್ಳುವವರಿಗೆ ಇದರಿಂದ ಲಾಭವಾಗಲಿಲ್ಲವೆನ್ನಲಾಗದು. ಒಂದೇ ಧೋತರದಲ್ಲಿ ವರ್ಷ ಕಳೆಯುತ್ತಿದ್ದ ಕೂಲಿಕಾರನಿಗೆ ಅಗ್ಗದ ಬಟ್ಟೆ ಮಾನ ಕಾಯ್ದಿತು. ಆದರೆ ಬಟ್ಟೆಯನ್ನು ಮಾಡಿದವನ ಮುಖ ಮಾತ್ರ ಕೊಂಡವನಿಗೆ ಕಾಣದಾಯಿತು.

ಅಂಗಡಿಯೊಡನೆ ಉದ್ರಿಯೂ ಬಂದಿತು. ಸುಗ್ಗಿಯವರೆಗೆ ಸರಕು ಕೊಟ್ಟ ವರ್ತಕನು ಖಾತೆಯಲ್ಲಿ ಬರೆದದ್ದೇ ಲೆಕ್ಕ. ಮದುವೆಯ ಜವಳಿಗಾಗಿ ಹುಟ್ಟಿದ ಸಾಲ ಬಡ್ಡಿಯೊಡನೆ ಬೆಳೆದು ಹೊಲವನ್ನೇ ನುಂಗಿದ ನಿದರ್ಶನಗಳು ಊರೂರಿಗೆ ಇದ್ದವು. ಈ ಸಂಕಟಕ್ಕೆ ಉತ್ತರವಾಗಿ, 1904ರ ಸಹಕಾರಿ ಕಾಯಿದೆಯ ಮರುವರ್ಷವೇ, ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ವಿಜಾಪುರದಲ್ಲಿ ವಚನಗಳ ಓಲೆಗರಿಗಳನ್ನು ಅರಸುತ್ತಿದ್ದ ಫ. ಗು. ಹಳಕಟ್ಟಿಯವರು 1912ರಲ್ಲಿ ಸಿದ್ಧೇಶ್ವರ ಬ್ಯಾಂಕಿನ ಸ್ಥಾಪನೆಗೆ ದುಡಿದುದನ್ನು ವಚನಾಭ್ಯಾಸಿಗಳು ಮರೆಯಲಾಗದು. ವಚನವನ್ನು ಉಳಿಸುವುದೂ ದುಡಿಯುವವನನ್ನು ಬಡ್ಡಿಯಿಂದ ಬಿಡಿಸುವುದೂ ಅವರಿಗೆ ಬೇರೆ ಬೇರೆ ಕಾರ್ಯಗಳಾಗಿರಲಿಲ್ಲ.

1905ರ ವಂಗಭಂಗದ ಬಳಿಕ ಸ್ವದೇಶಿಯ ಕೂಗು ಎದ್ದಿತು. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದು, ರಾಟಿಯ ಸಂದೇಶ ಈ ಭಾಗದ ಮನೆಮನೆಗೆ ತಲುಪಿತು. ಬಟ್ಟೆ ಕೊಳ್ಳುವುದು ಧರ್ಮಾಧರ್ಮದ ಪ್ರಶ್ನೆಯೆಂದು ಜನ ಮತ್ತೆ ಅರಿತರು. ಕದಿರ ರೆಮ್ಮವ್ವೆಯ ಕಾಯಕಕ್ಕೆ ಏಳೆಂಟು ಶತಮಾನಗಳ ನಂತರ ಹೀಗೊಂದು ಮನ್ನಣೆ ದೊರೆಯಿತೆನ್ನಬಹುದು.

ಹಾಗೆಂದು ಹಳೆಯ ಸಂತೆಯನ್ನು ಸುವರ್ಣಯುಗವೆಂದು ಕೊಂಡಾಡುವುದು ಸತ್ಯಕ್ಕೆ ದೂರ. ಅಸ್ಪೃಶ್ಯರೆನಿಸಿಕೊಂಡವರು ಅಂಗಡಿಯ ಕಟ್ಟೆಯನ್ನೇರುವಂತಿರಲಿಲ್ಲ. ಅವರು ಕಾಸನ್ನು ದೂರದಲ್ಲಿಟ್ಟು ಸರಿದು ನಿಲ್ಲಬೇಕಾಗಿತ್ತು; ಸರಕನ್ನು ಮೇಲಿನಿಂದ ಅವರ ಸೆರಗಿಗೆ ಎಸೆಯುತ್ತಿದ್ದರು. ಸಮಗಾರನು ಮಾಡಿದ ಕೆರವು ಎಲ್ಲರ ಕಾಲಿಗೆ ಬೇಕು, ಸಮಗಾರನು ಮಾತ್ರ ಯಾರ ಅಂಗಳಕ್ಕೂ ಬೇಡ. ಹರಳಯ್ಯನನ್ನು ನಿತ್ಯ ನೆನೆಯುವ ಮನೆಗಳೂ ಇದಕ್ಕೆ ಹೊರತಾಗಿರಲಿಲ್ಲವೆಂಬುದು ಒಪ್ಪಿಕೊಳ್ಳಬೇಕಾದ ಮಾತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿ, ಜಾತಿಯ ಕಾರಣದಿಂದ ಯಾರಿಗೂ ಪ್ರವೇಶವನ್ನು ತಡೆಯಬಾರದ ಸ್ಥಳಗಳನ್ನು ಹೇಳುವಾಗ ಮೊದಲು ಹೆಸರಿಸಿರುವುದು ಅಂಗಡಿಗಳನ್ನೇ. ಅಂಗಡಿಯ ಕಟ್ಟೆ ಎಷ್ಟು ಎತ್ತರವಾಗಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಆಯ್ದಕ್ಕಿ ಮಾರಯ್ಯನು ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಮರಳಿ ಸುರಿದು ಬರುವಂತೆ ಮಾಡಿದ ಕಥೆ ಎಲ್ಲರಿಗೂ ತಿಳಿದುದೇ. ಅದು ತರುವವನಿಗೆ ಹೇಳಿದ ಮಿತಿಯಾದಂತೆ ಕೊಳ್ಳುವವನಿಗೂ ಹೇಳಿದ ಮಿತಿಯಾಗಿದೆ. ಬೇಕಾದಷ್ಟನ್ನೇ ತರುವುದು, ತಂದುದಕ್ಕೆ ನ್ಯಾಯದ ಬೆಲೆ ಕೊಡುವುದು, ಮಾಡಿದವನನ್ನು ತನ್ನ ಸಮಾನನೆಂದು ಕಾಣುವುದು — ಈ ಮೂರೂ ಕೂಡಿದಲ್ಲಿ ಸಂತೆಯೂ ಶಿವಪಥವೇ. ಹಳೆಯ ಸಂತೆಯಲ್ಲಿ ಮೊದಲನೆಯದು ಬಡತನದಿಂದ ತಾನಾಗಿ ಸಾಧಿಸಿತ್ತು, ಉಳಿದೆರಡು ಸಾಧಿಸಿರಲಿಲ್ಲ. ಅವನ್ನು ಸಾಧಿಸುವ ಹೊಣೆ ಇಂದು ಕೊಳ್ಳುವವರೆಲ್ಲರ ಮೇಲಿದೆ.