ನರ್ಸಬಾಯಿ ಕಲಿತ ಹೊಸ ವಿದ್ಯೆ

ಶಾಲೆಗೆ ಹೊರಡುವ ಹೊತ್ತಿಗೆ ಹುಡುಗ "ಅವ್ವಾ, ಹೊಟ್ಟಿ ನೋಯ್ತದ" ಅನ್ನುತ್ತಾನೆ. ಡಾಕ್ಟರರು ನೋಡಿ ಹೊಟ್ಟೆಯಲ್ಲಿ ಏನೂ ದೋಷವಿಲ್ಲ ಅನ್ನುತ್ತಾರೆ. ರವಿವಾರ ನೋವೇ ಇರುವುದಿಲ್ಲ. ದೃಷ್ಟಿ ಬಿತ್ತು, ಗಾಳಿ ಬಡಿಯಿತು ಎಂದು ನಾವು ಅಂಗಾರ ಹಚ್ಚುತ್ತೇವೆ, ತಾಯತ ಕಟ್ಟುತ್ತೇವೆ. ಆದರೆ ಸಣ್ಣ ಮಕ್ಕಳಿಗೆ ಹೆದರಿಕೆಯನ್ನು ಹೆದರಿಕೆ ಎಂದು ಹೇಳಲು ಬರುವುದಿಲ್ಲ. ಅದು ಹೊಟ್ಟೆನೋವಾಗಿ, ತಲೆನೋವಾಗಿ ಹೊರಬೀಳುತ್ತದೆ. ಇದನ್ನು ಗುರುತಿಸುವ ವಿದ್ಯೆ ನಮ್ಮ ನರ್ಸಬಾಯಿಯರಿಗೆ ಹೇಗೆ ಬಂತು ಎಂಬುದನ್ನು ಇಂದು ಕೇಳೋಣ.

ಮೊದಲು ಇದ್ದದ್ದು ಹುಚ್ಚಾಸ್ಪತ್ರೆ. ಹಳೆಯ ಮುಂಬಯಿ ಪ್ರಾಂತದಲ್ಲಿ ಧಾರವಾಡಕ್ಕೆ 1845ರಲ್ಲಿ, ರತ್ನಾಗಿರಿಗೆ 1886ರಲ್ಲಿ ಇಂಥ ಆಸ್ಪತ್ರೆಗಳು ಬಂದವು. ಅಂದಿನ ಇಂಥ ಆಸ್ಪತ್ರೆಗಳಲ್ಲಿ ರೋಗಿಯನ್ನು ಕಾಯುವುದೇ ದೊಡ್ಡ ಕೆಲಸ. ಮನೆಯವರು ಗೋಡೆಯ ಹೊರಗೆ.

1937ರಲ್ಲಿ ಮುಂಬಯಿಯ ಟಾಟಾ ಸಮಾಜಕಾರ್ಯ ಶಾಲೆಯವರು ಮಕ್ಕಳ ಮಾರ್ಗದರ್ಶನ ಕೇಂದ್ರ ತೆರೆದರು. ಮಗುವಿನ ತೊಂದರೆ ತಿಳಿಯಬೇಕಾದರೆ ತಂದೆ-ತಾಯಿಯ ಮಾತನ್ನೂ ಕೇಳಬೇಕು ಎಂಬ ವಿಚಾರ ಹೀಗೆ ಬೇರೂರಿತು. 1946ರಲ್ಲಿ ಭೋರ್ ಸಮಿತಿ, ಮನೋರೋಗದ ಆರೈಕೆಗೆ ತರಬೇತಾದ ಜನ ಬೇಕು ಎಂದಿತು. ಅದರ ಫಲವಾಗಿ 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಡಾ. ಎಂ. ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ನರ್ಸಿಂಗ್ ಮುಗಿಸಿದವರಿಗೆ ಅಲ್ಲಿ 1956ರಲ್ಲಿ ಮನೋರೋಗ ಶುಶ್ರೂಷೆಯ ಒಂದು ವರ್ಷದ ವಿಶೇಷ ಶಿಕ್ಷಣ ಆರಂಭವಾಯಿತು. 1974ರಲ್ಲಿ ಆ ಸಂಸ್ಥೆಯೇ ನಿಮ್ಹಾನ್ಸ್ ಆಯಿತು.

ಮನೆಯವರನ್ನು ಒಳಗೆ ಕರೆದದ್ದೂ ಅದೇ ಕಾಲದಲ್ಲಿ. ಅಮೃತಸರದಲ್ಲಿ ಡಾ. ವಿದ್ಯಾಸಾಗರ ಅವರು ಆಸ್ಪತ್ರೆಯ ಅಂಗಳದಲ್ಲಿ ಡೇರೆ ಹಾಕಿಸಿ ರೋಗಿಯೊಡನೆ ಮನೆಯವರನ್ನೂ ಇರಿಸಿಕೊಂಡರು. ಮುಂದೆ 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಹಳ್ಳಿಗಾಡಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಿಬ್ಬಂದಿಗೇ ಈ ತರಬೇತಿ ಕೊಟ್ಟರು. ದೇಶದ ಜಿಲ್ಲಾ ಕಾರ್ಯಕ್ರಮಕ್ಕೆ ಅದೇ ಮಾದರಿ. 2017ರ ಕಾಯ್ದೆಯ ಪ್ರಕಾರ ಆಸ್ಪತ್ರೆ ಸೇರಿದ ಮಗುವನ್ನು ದೊಡ್ಡವರಿಂದ ಬೇರೆ ಇಡಬೇಕು, ಜೊತೆಗೆ ಪಾಲಕರು ಇಲ್ಲವೆ ಅವರು ನೇಮಿಸಿದವರೊಬ್ಬರು ಇರಬೇಕು.

ಇಂಥ ತರಬೇತಿ ಪಡೆದ ನರ್ಸಬಾಯಿ ಏನು ಮಾಡುತ್ತಾಳೆ? ಮಗುವಿಗೆ ಆಟಿಕೆ, ಬಣ್ಣದ ಕಡ್ಡಿ ಕೊಟ್ಟು ಮಾತು ಬಿಡಿಸುತ್ತಾಳೆ. ತಾಯಿಯನ್ನು ಜರಿಯದೆ ಮನೆಯ ಸಮಾಚಾರ ಕೇಳುತ್ತಾಳೆ. ಇಚಲಕರಂಜಿಯ ಮಗ್ಗದಲ್ಲಿ ಅಪ್ಪನಿಗೆ ರಾತ್ರಿ ಪಾಳಿಯೇ? ಮನೆಯಲ್ಲಿ ಕುಡಿತ, ಜಗಳ ಇದೆಯೇ? ಶಾಲೆಯಲ್ಲಿ ಯಾರಾದರೂ ಹೆದರಿಸುತ್ತಾರೆಯೇ?

ಇಲ್ಲಿಯೇ ನಮ್ಮ ಗಡಿಯ ತೊಡಕು ಬರುತ್ತದೆ. ಬೆಂಗಳೂರಿನಲ್ಲಿ ಆ ಶಿಕ್ಷಣ ಶುರುವಾದ 1956ರಲ್ಲಿಯೇ, ನವೆಂಬರ್ 1ಕ್ಕೆ, ಧಾರವಾಡ ಮೈಸೂರು ರಾಜ್ಯಕ್ಕೆ ಸೇರಿತು. ಕೊಲ್ಹಾಪುರ ಮುಂಬಯಿ ರಾಜ್ಯದಲ್ಲಿ ಉಳಿಯಿತು. ಗಡಹಿಂಗ್ಲಜದ ಸುತ್ತಿನ ಕನ್ನಡ ಮನೆಗಳಲ್ಲಿ ಅವ್ವನ ಮಾತು ಕನ್ನಡ, ಶಾಲೆಯ ಮತ್ತು ದವಾಖಾನೆಯ ಮಾತು ಮರಾಠಿ. ಅಜ್ಜಿಯ ಮಾತನ್ನು ನರ್ಸಬಾಯಿಗೆ ತಿಳಿಸಿ ಹೇಳುವವರು ಯಾರು? ಎಷ್ಟೋ ಸಲ ಆ ಕೂಸೇ. ಮನೆಯ ಜಗಳದ ಸುದ್ದಿಯನ್ನು, ತನ್ನ ಮೇಲಿನ ದೂರನ್ನು ತಾನೇ ಮರಾಠಿಗೆ ತಿರುಗಿಸಬೇಕು. ಅದು ಮುಚ್ಚಿಟ್ಟುಕೊಳ್ಳುತ್ತದೆ, ಇಲ್ಲವೆ ಅಲ್ಲಿಯೇ ಅಳುತ್ತದೆ. ನರ್ಸಬಾಯಿ ಕಲಿತ ವಿದ್ಯೆಯ ಅರ್ಧ ಅಲ್ಲಿಗೇ ವ್ಯರ್ಥ.

ಆದ್ದರಿಂದ, ಬಂಧುಗಳೇ, ದವಾಖಾನೆಗೆ ಹೋಗುವಾಗ ಎರಡೂ ಭಾಷೆ ಬಲ್ಲ ದೊಡ್ಡವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಮನೆಯ ವಿಚಾರ ಕೇಳಿದರೆ "ಏನೂ ಇಲ್ಲ ಬಿಡ್ರಿ" ಎಂದು ಸುಮ್ಮನಾಗಬೇಡಿ. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಎಂಬ ಸರಕಾರಿ ದೂರವಾಣಿ ಸೇವೆಯೂ ಇದೆ. ಸಂಖ್ಯೆ 14416. ಹಗಲು ರಾತ್ರಿ ನಡೆಯುತ್ತದೆ, ಹಣ ಬೇಡ. ಅದರ ಭಾಷೆಗಳಲ್ಲಿ ಕನ್ನಡವೂ ಇದೆ, ಮರಾಠಿಯೂ ಇದೆ. ಗುರುತು ಹಾಕಿಕೊಳ್ಳಿ: ಒಂದು, ನಾಲ್ಕು, ನಾಲ್ಕು, ಒಂದು, ಆರು.